ಮೂರಡಿ ಸಂದಿಗೆ ಎಂಥ ಕ್ಯಾಮೆರಾ?

ಬೆಂಗಳೂರಿನ ಮಧ್ಯಮ ವರ್ಗದ ಮನೆಯೆಂದರೆ ಹೆಚ್ಚಾಗಿ 30–40ರ ಸೈಟು, ಒಟ್ಟು 1200 ಚದರಡಿ. ಅದರಲ್ಲಿ ಮುಂದೆ ಕಾರೋ ಸ್ಕೂಟರೋ ನಿಲ್ಲುವಷ್ಟು ಜಾಗ, ಪಕ್ಕದಲ್ಲಿ ಕಾಂಪೌಂಡಿಗೂ ಮನೆಯ ಗೋಡೆಗೂ ನಡುವೆ ಮೂರಡಿ ಆಸುಪಾಸಿನ ಒಂದು ಸಂದಿ. ಸಂಪಿನ ಮೋಟರು, ಗ್ಯಾಸ್ ಸಿಲಿಂಡರು, ಏಸಿಯ ಹೊರಗಿನ ಪೆಟ್ಟಿಗೆ, ಒಡೆದ ಹೂಕುಂಡ, ಮನೆ ಕಟ್ಟುವಾಗ ಉಳಿದ ಟೈಲ್ಸು ಎಲ್ಲ ಸೇರುವುದು ಅಲ್ಲಿಗೇ. ಅಡುಗೆಮನೆಯ ಕಿಟಕಿ, ಯುಟಿಲಿಟಿಯ ಬಾಗಿಲು, ಬಚ್ಚಲಿನ ವೆಂಟಿಲೇಟರು ತೆರೆಯುವುದೂ ಆ ಕಡೆಗೆ. ತಾರಸಿಯಿಂದ ಇಳಿದು ಬರುವ ಪೈಪುಗಳು ಅದೇ ಗೋಡೆಗೆ ಅಂಟಿಕೊಂಡಿರುತ್ತವೆ. ಹಜಾರದಲ್ಲಿ ಕೂತವರಿಗಾಗಲಿ, ರಸ್ತೆಯಲ್ಲಿ ಹೋಗುವವರಿಗಾಗಲಿ ಆ ಸಂದಿಯಲ್ಲಿ ಯಾರಿದ್ದಾರೆಂಬುದು ಕಾಣುವುದಿಲ್ಲ. ಯಾರ ಕಣ್ಣಿಗೂ ಬೀಳದೆ ಮನೆಯ ಹಿಂದಕ್ಕೆ ಹೋಗಬೇಕೆನ್ನುವವನಿಗೆ ಇದಕ್ಕಿಂತ ಅನುಕೂಲದ ದಾರಿ ಬೇರಿಲ್ಲ.

ಹೀಗಾಗಿ ಮುಂಬಾಗಿಲಿಗೊಂದು, ಗೇಟಿಗೊಂದು ಕ್ಯಾಮೆರಾ ಹಾಕಿಸಿದವರು ಸಂದಿಗೂ ಒಂದು ಇರಲಿ ಎನ್ನುತ್ತಾರೆ. ಹಾಕಲು ಬಂದವರು ಗೇಟಿಗೆ ಹಾಕಿದ ಮಾದರಿಯದೇ ಇನ್ನೊಂದನ್ನು ಸಂದಿಯ ಬಾಯಲ್ಲಿ ಗೋಡೆಗೆ ಬಿಗಿದು ಹೋಗುತ್ತಾರೆ. ಮೊಬೈಲಿನಲ್ಲಿ ಚಿತ್ರ ಬರುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಆದರೆ ಆ ಚಿತ್ರವನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ ಎಡಗಡೆ ಗೋಡೆ, ಬಲಗಡೆ ಗೋಡೆ, ಮೇಲೆ ಒಂದಿಷ್ಟು ಆಕಾಶ. ನಿಜವಾಗಿ ನೋಡಬೇಕಾದ ಸಂದಿ ಪರದೆಯ ನಡುವೆ ಒಂದು ಸಣ್ಣ ಪಟ್ಟಿಯಾಗಿ ಉಳಿದಿರುತ್ತದೆ. ರಾತ್ರಿಯಾದರೆ ಗೋಡೆಗಳು ಬೆಳ್ಳಗೆ ಹೊಳೆಯುತ್ತವೆ, ಪಟ್ಟಿ ಕಪ್ಪಾಗುತ್ತದೆ.

ಸಾಮಾನ್ಯವಾಗಿ ಕ್ಯಾಮೆರಾ ಕೆಟ್ಟದ್ದೇನೂ ಆಗಿರುವುದಿಲ್ಲ. ಅಗಲವಾದ ಜಾಗವನ್ನು ನೋಡಲೆಂದು ಮಾಡಿದ ಮಸೂರವನ್ನು ಉದ್ದವಾದ, ಕಿರಿದಾದ ಜಾಗಕ್ಕೆ ಹಾಕಿದ್ದೇ ತೊಂದರೆ.

ಅಂಗಡಿಯಲ್ಲಿ ಕ್ಯಾಮೆರಾದ ಪೆಟ್ಟಿಗೆಯ ಮೇಲೆ 2.8 ಎಂಎಂ, 4 ಎಂಎಂ, 6 ಎಂಎಂ ಎಂದು ಬರೆದಿರುತ್ತದೆ. ಅದು ಮಸೂರದ ನಾಭಿದೂರ. ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ನೋಟ ಕಿರಿದು ಮತ್ತು ದೂರದ್ದು. ಮನೆಗಳಿಗೆ ಸಾಮಾನ್ಯವಾಗಿ ಮಾರಾಟವಾಗುವ ಕ್ಯಾಮೆರಾಗಳಲ್ಲಿ 2.8 ಎಂಎಂ ಮಸೂರ ಅಡ್ಡಡ್ಡಲಾಗಿ ಸುಮಾರು 100 ಡಿಗ್ರಿ ನೋಡುತ್ತದೆ. 4 ಎಂಎಂನದು ಸುಮಾರು 80 ಡಿಗ್ರಿ, 6 ಎಂಎಂನದು 50ರ ಆಸುಪಾಸು. ಒಳಗಿನ ಸೆನ್ಸರಿನ ಅಳತೆಗೆ ತಕ್ಕಂತೆ ಇದು ತುಸು ಹೆಚ್ಚು ಕಡಿಮೆ ಆಗುತ್ತದೆ. ಗೇಟು, ಪಾರ್ಕಿಂಗು, ಅಂಗಡಿಯ ಗಲ್ಲಾಪೆಟ್ಟಿಗೆಯ ಸುತ್ತಮುತ್ತ ಇಂಥ ಕಡೆ 2.8 ಸರಿಯಾದ ಆಯ್ಕೆ. ಅಂಗಡಿಯವರು ಅದನ್ನೇ ಹೆಚ್ಚು ತರಿಸುವುದಕ್ಕೂ ಇದೇ ಕಾರಣ.

ಈಗ ಅದನ್ನು 40 ಅಡಿ ಉದ್ದದ, ಅಂದರೆ ಸುಮಾರು 12 ಮೀಟರಿನ ಸಂದಿಯಲ್ಲಿ ಇಟ್ಟು ನೋಡಬೇಕು. 100 ಡಿಗ್ರಿಯ ನೋಟ 12 ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ 28 ಮೀಟರಿಗೂ ಮೀರಿ ಹರಡಿಕೊಂಡಿರುತ್ತದೆ. ಸಂದಿಯ ಅಗಲವೋ ಒಂದು ಮೀಟರೂ ಇಲ್ಲ. ಚಿತ್ರದ ಅಗಲದಲ್ಲಿ ಮೂವತ್ತರಲ್ಲೊಂದು ಪಾಲು ಮಾತ್ರ ಸಂದಿಯ ಆ ತುದಿಗೆ ಸಲ್ಲುತ್ತದೆ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 1920 ಚುಕ್ಕಿಗಳ ಅಗಲವಿರುತ್ತದೆ. ಅಲ್ಲಿ ನಿಂತ ಮನುಷ್ಯನ ಮುಖಕ್ಕೆ ಅದರಲ್ಲಿ ದಕ್ಕುವುದು ಹನ್ನೊಂದು ಚುಕ್ಕಿ. ಹನ್ನೊಂದು ಚುಕ್ಕಿಯಲ್ಲಿ ಮುಖ ಮೂಡುವುದಿಲ್ಲ, ಒಂದು ಕಲೆ ಮೂಡುತ್ತದೆ. ಮೊಬೈಲಿನಲ್ಲಿ ಎರಡು ಬೆರಳಿಟ್ಟು ಹಿಗ್ಗಿಸಿದರೆ ಆ ಕಲೆಯೇ ದೊಡ್ಡದಾಗುತ್ತದೆ. ಇಲ್ಲದ ಚುಕ್ಕಿಗಳನ್ನು ಆಮೇಲೆ ಯಾರೂ ಹುಟ್ಟಿಸಲಾರರು.

ಎಷ್ಟು ಚುಕ್ಕಿ ಇದ್ದರೆ ಏನು ಗೊತ್ತಾಗುತ್ತದೆ ಎಂಬುದಕ್ಕೆ ಅಂತಾರಾಷ್ಟ್ರೀಯ ಮಾನದಂಡವೊಂದಿದೆ. ಐಇಸಿ 62676-4 ಎಂಬ ಆ ಮಾನದಂಡದ 2014ರ ಪಾಠದ ಪ್ರಕಾರ, ನೋಡಬೇಕಾದ ಜಾಗದ ಪ್ರತಿ ಮೀಟರಿಗೆ 25 ಚುಕ್ಕಿ ಬಿದ್ದರೆ ಅಲ್ಲೊಬ್ಬ ಮನುಷ್ಯ ಇದ್ದಾನೆಂದು ತಿಳಿಯುತ್ತದೆ. ಸುಮಾರು 62 ಚುಕ್ಕಿ ಬಿದ್ದರೆ ಉಟ್ಟ ಬಟ್ಟೆ, ಹಿಡಿದ ಚೀಲ, ನಡಿಗೆಯ ಠೀವಿ ಸ್ವಲ್ಪಮಟ್ಟಿಗೆ ಕಾಣುತ್ತದೆ. 125 ಇದ್ದರೆ ಮೊದಲೇ ಪರಿಚಯವಿದ್ದವರನ್ನು ಇವರೇ ಎಂದು ಹೇಳಬಹುದು. ಎಂದೂ ನೋಡಿರದ ಮುಖವನ್ನು ಆಮೇಲೆ ಗುರುತು ಹಿಡಿಯಬೇಕಾದರೆ 250 ಬೇಕು. ಮನೆಯವರು ನಿರೀಕ್ಷಿಸುವುದು ಈ ಕೊನೆಯದನ್ನು. ಎರಡು ಮೆಗಾಪಿಕ್ಸೆಲಿನ 2.8 ಎಂಎಂ ಕ್ಯಾಮೆರಾ ಅದನ್ನು ಕೊಡುವುದು ಹತ್ತು ಅಡಿಯವರೆಗೆ ಮಾತ್ರ. ಉಳಿದ ಮೂವತ್ತು ಅಡಿಯಲ್ಲಿ ನಡೆಯುವುದಕ್ಕೆ ಅದು ಸಾಕ್ಷಿಯಾದರೂ ಯಾರು ಎಂದು ಹೇಳಲಾರದು.

ಹಾಗಾದರೆ ಎಂಟು ಮೆಗಾಪಿಕ್ಸೆಲಿನದನ್ನೇ ತಂದರಾಯಿತಲ್ಲ ಎಂದು ಅನ್ನಿಸುವುದು ಸಹಜ, ಮಾರುವವರೂ ಹಾಗೆಯೇ ಹೇಳುತ್ತಾರೆ. ಲೆಕ್ಕ ಹಾಕಿದರೆ, ಅದೇ 2.8 ಎಂಎಂ ಮಸೂರದ ಹಿಂದೆ 3840 ಚುಕ್ಕಿಗಳ ಸೆನ್ಸರು ಇಟ್ಟರೂ ತುದಿಯಲ್ಲಿ ಮೀಟರಿಗೆ ಸಿಗುವುದು 134. ದುಡ್ಡು ಹೆಚ್ಚು ಕೊಟ್ಟು ಇನ್ನೂ ನುಣುಪಾದ ಗೋಡೆಯ ಚಿತ್ರ ಪಡೆದಂತಾಯಿತು. ಅಷ್ಟೇ ಅಲ್ಲ, ಒಂದೇ ಅಳತೆಯ ಸೆನ್ಸರಿನಲ್ಲಿ ಹೆಚ್ಚು ಚುಕ್ಕಿ ತುಂಬಿದರೆ ಒಂದೊಂದು ಚುಕ್ಕಿಗೆ ಬೀಳುವ ಬೆಳಕು ಕಡಿಮೆಯಾಗಿ ರಾತ್ರಿಯ ಚಿತ್ರ ಕೆಡುತ್ತದೆ. ಸಂದಿಯ ಮಟ್ಟಿಗೆ ನಾಲ್ಕು ಮೆಗಾಪಿಕ್ಸೆಲ್ ಮತ್ತು 6 ಎಂಎಂ ಮಸೂರ ಒಳ್ಳೆಯ ಜೋಡಿ. 12 ಮೀಟರಿನಲ್ಲಿ ಆ ನೋಟದ ಅಗಲ 11 ಮೀಟರು, ಪ್ರತಿ ಮೀಟರಿಗೆ ಸುಮಾರು 229 ಚುಕ್ಕಿ. ಸಂದಿಯ ಮತ್ತೊಂದು ತುದಿಯಲ್ಲಿ ಕಾಲಿಟ್ಟವನು ನಾಲ್ಕು ಹೆಜ್ಜೆ ಮುಂದೆ ಬರುವಷ್ಟರಲ್ಲಿ 250 ದಾಟಿರುತ್ತದೆ. ಸಂದಿ ಇಪ್ಪತ್ತು, ಇಪ್ಪತ್ತೈದು ಅಡಿಯದಾದರೆ 4 ಎಂಎಂ ಸಾಕು. ಅಳತೆಯ ಬಗ್ಗೆ ಖಾತ್ರಿ ಇಲ್ಲದವರು 2.8ರಿಂದ 12 ಎಂಎಂವರೆಗೆ ಬದಲಿಸಬಹುದಾದ ವೇರಿಫೋಕಲ್ ಮಸೂರದ್ದನ್ನು ಕೊಳ್ಳಬಹುದು. ಬೆಲೆ ಹೆಚ್ಚು, ಆದರೆ ಹಾಕಿದ ಮೇಲೆ ಪರದೆ ನೋಡುತ್ತ ನೋಟವನ್ನು ಹೊಂದಿಸಿಕೊಳ್ಳಬಹುದು.

ಮಸೂರವನ್ನು ಕಿರಿದು ಮಾಡಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ಎಂಟು ಅಡಿ ಎತ್ತರದಲ್ಲಿ ಕೂತ 6 ಎಂಎಂ ಕ್ಯಾಮೆರಾ ದೂರದ ತುದಿಯನ್ನು ನೋಡುವಂತೆ ಬಾಗಿದರೆ, ತನ್ನ ಕಾಲಬುಡದಿಂದ ಹದಿನಾರು ಅಡಿಯವರೆಗಿನ ನೆಲ ಅದಕ್ಕೆ ಕಾಣುವುದಿಲ್ಲ. ಪರದೆಯ ಚಿತ್ರ ಅಡ್ಡಕ್ಕೆ ಹದಿನಾರು ಪಾಲು, ಉದ್ದಕ್ಕೆ ಒಂಬತ್ತೇ ಪಾಲು ಇರುವುದರಿಂದ ಹೀಗಾಗುತ್ತದೆ. ಸಂದಿಗೆ ಬೇಕಾದ್ದು ಇದರ ತಿರುವುಮುರುವು.

ಪರಿಹಾರ ಬಹಳ ಸರಳ. ಕ್ಯಾಮೆರಾವನ್ನು 90 ಡಿಗ್ರಿ ಹೊರಳಿಸಿ, ಪಕ್ಕಕ್ಕೆ ಮಲಗಿಸಿ ಕೂರಿಸುವುದು. ಮೊಬೈಲನ್ನು ನೆಟ್ಟಗೆ ಹಿಡಿದು ಫೋಟೊ ತೆಗೆದಾಗ ಬರುವಂಥ ಎತ್ತರದ ಚಿತ್ರ ಆಗ ಸಿಗುತ್ತದೆ. ಸ್ವೀಡನ್ನಿನ ಆಕ್ಸಿಸ್ ಕಂಪನಿ ಇದನ್ನು ಕಾರಿಡಾರ್ ಫಾರ್ಮ್ಯಾಟ್ ಎಂದು ಕರೆಯುತ್ತದೆ. ಬೇರೆ ತಯಾರಕರ ಮೆನುಗಳಲ್ಲಿ ಕಾರಿಡಾರ್ ಮೋಡ್, ರೊಟೇಟ್, 9:16 ಇತ್ಯಾದಿ ಹೆಸರಿನಲ್ಲಿ ಇರುತ್ತದೆ. ಕ್ಯಾಮೆರಾದ ತಲೆಯನ್ನು ಕೈಯಿಂದ ಹೊರಳಿಸಿ, ಮೆನುವಿನಲ್ಲಿ 90 ಅಥವಾ 270 ಡಿಗ್ರಿ ಆರಿಸಿದರೆ ಚಿತ್ರ ನೆಟ್ಟಗಾಗುತ್ತದೆ. ಹೊರಳಿಸಿದ 6 ಎಂಎಂ ಕ್ಯಾಮೆರಾ ಕೆಳಮುಖವಾಗಿ 50 ಡಿಗ್ರಿ ನೋಡುವುದರಿಂದ ಬುಡದ ಕುರುಡು ಜಾಗ ಹದಿನಾರು ಅಡಿಯಿಂದ ಏಳು ಅಡಿಗೆ ಇಳಿಯುತ್ತದೆ. ಅಡ್ಡ ನೋಟ 28 ಡಿಗ್ರಿಗೆ ಇಳಿಯುತ್ತದಾದರೂ, ಚಿತ್ರ ಶುರುವಾಗುವ ಆ ಏಳನೆಯ ಅಡಿಯಲ್ಲೇ ಅದರ ಅಗಲ ಮೂರೂವರೆ ಅಡಿಗಿಂತ ಹೆಚ್ಚಿರುತ್ತದೆ. ಸಂದಿ ಪೂರ್ತಿ ಒಳಗೆ ಬಂತು, ಗೋಡೆಗೆ ಪೋಲಾಗುತ್ತಿದ್ದ ಚುಕ್ಕಿಗಳು ನೆಲದ ಉದ್ದಕ್ಕೆ ಹಂಚಿಹೋದವು. ಇದಕ್ಕೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಇಷ್ಟು ಉಪಯುಕ್ತವಾದ ಸೌಲಭ್ಯ ಎಷ್ಟೋ ಮನೆಗಳ ಕ್ಯಾಮೆರಾದ ಒಳಗೇ ಇದ್ದೂ ಯಾರೂ ಮುಟ್ಟದೆ ಉಳಿದಿರುವುದು ನಿಜಕ್ಕೂ ಬೇಸರದ ಸಂಗತಿ.

ಆದರೆ ಎಲ್ಲ ಕ್ಯಾಮೆರಾಗಳಲ್ಲೂ ಇದು ಇರುವುದಿಲ್ಲ. ಡಿವಿಆರ್ ಎಂಬ ರೆಕಾರ್ಡರಿಗೆ ಕೋಆಕ್ಸಿಯಲ್ ವೈರಿನಲ್ಲಿ ಜೋಡಿಸುವ ಮಾದರಿಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಅಗ್ಗದ ವೈಫೈ ಕ್ಯಾಮೆರಾಗಳಲ್ಲಿ ಹೆಚ್ಚೆಂದರೆ ಚಿತ್ರವನ್ನು ತಲೆಕೆಳಗು ಮಾಡುವ ಆಯ್ಕೆ ಇರುತ್ತದೆ, ಅದರಿಂದ ಇಲ್ಲಿ ಉಪಯೋಗವಿಲ್ಲ. ನೆಟ್‌ವರ್ಕ್ ವೈರಿನಲ್ಲಿ ಕೆಲಸ ಮಾಡುವ ಐಪಿ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಇದೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮೆನು ತೆರೆಸಿ ನೋಡಿಬಿಡುವುದು ಮೇಲು.

ಸುತ್ತ ತಿರುಗುವ ಪ್ಯಾನ್–ಟಿಲ್ಟ್ ಕ್ಯಾಮೆರಾಗಳು ಈಚೆಗೆ ಬಹಳ ಮಾರಾಟವಾಗುತ್ತಿವೆ. ಸಂದಿಗೆ ಅವು ಬೇಡ. ಎರಡೇ ದಿಕ್ಕಿರುವ ಜಾಗದಲ್ಲಿ ತಿರುಗಿ ನೋಡಲು ಏನೂ ಇಲ್ಲ, ತಿರುಗಿದ ಹೊತ್ತಿನಲ್ಲಿ ನೋಡಬೇಕಾದ ಕಡೆ ಬೆನ್ನು ಮಾಡಿರುತ್ತವೆ.

ಇನ್ನು ರಾತ್ರಿಯ ಮಾತು. ಸಂದಿಯ ಕ್ಯಾಮೆರಾಗಳು ಸೋಲುವುದು ಹೆಚ್ಚಾಗಿ ಇಲ್ಲೇ.

ಮಸೂರದ ಸುತ್ತ ಇರುವ ಚಿಕ್ಕ ದೀಪಗಳು ಕತ್ತಲಲ್ಲಿ ಅತಿಗೆಂಪು ಬೆಳಕು ಚೆಲ್ಲುತ್ತವೆ. ಅದು ನಮ್ಮ ಕಣ್ಣಿಗೆ ಕಾಣದು, ಸೆನ್ಸರಿಗೆ ಕಾಣುತ್ತದೆ. ಪೆಟ್ಟಿಗೆಯ ಮೇಲೆ 30 ಮೀಟರ್ ಐಆರ್ ಎಂದು ಬರೆದಿದ್ದರೆ ಅದು ಬಯಲಿನ ಲೆಕ್ಕ. ಬೆಳಕು ದೂರ ಹೋದಂತೆ ದೂರದ ವರ್ಗದ ಪ್ರಮಾಣದಲ್ಲಿ ಕ್ಷೀಣಿಸುತ್ತದೆ. ಕ್ಯಾಮೆರಾದಿಂದ ಒಂದು ಅಡಿ ದೂರದಲ್ಲಿರುವ ಗೋಡೆಗೂ ಮೂವತ್ತು ಅಡಿ ದೂರದಲ್ಲಿರುವ ಮನುಷ್ಯನಿಗೂ ಹೋಲಿಸಿದರೆ ಗೋಡೆಯ ಮೇಲೆ ಬೀಳುವುದು 900 ಪಟ್ಟು ಹೆಚ್ಚು ಬೆಳಕು. ಗೋಡೆಗೆ ಬಿಳಿ ಬಣ್ಣ ಬಳಿದಿದ್ದರಂತೂ ಅದೆಲ್ಲ ನೇರ ಮಸೂರಕ್ಕೇ ಹಿಂತಿರುಗುತ್ತದೆ. ಇಡೀ ಜಾಗವೇ ಬೆಳಕಾಗಿದೆಯೆಂದು ಲೆಕ್ಕ ಹಾಕಿ ಕ್ಯಾಮೆರಾ ಚಿತ್ರದ ಪ್ರಖರತೆಯನ್ನು ತಗ್ಗಿಸುತ್ತದೆ. ಆಗುಂಬೆ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದ ಹಾಗೆ, ಹತ್ತಿರದ್ದು ಬೆಳ್ಳಗಾಗಿ ದೂರದ್ದು ಮುಚ್ಚಿಹೋಗುತ್ತದೆ.

ಇಲ್ಲಿಯೂ ಕಿರಿದಾದ ನೋಟವೇ ನೆರವಿಗೆ ಬರುತ್ತದೆ. 2.8 ಎಂಎಂ ಕ್ಯಾಮೆರಾವನ್ನು ಸಂದಿಯ ಅಗಲದ ನಟ್ಟನಡುವೆ ಇಟ್ಟರೂ ಸುಮಾರು ಒಂದೂಕಾಲು ಅಡಿ ದೂರದಿಂದಲೇ ಗೋಡೆ ಚಿತ್ರದೊಳಗೆ ಬರುತ್ತದೆ. ಹೊರಳಿಸಿದ 6 ಎಂಎಂ ಕ್ಯಾಮೆರಾದಲ್ಲಿ ಗೋಡೆ ಒಳಬರುವುದು ಆರು ಅಡಿಯ ಆಚೆ. ಅಷ್ಟು ಹೊತ್ತಿಗೆ ಬೆಳಕಿನ ತೀವ್ರತೆ ಇಪ್ಪತ್ತು ಪಟ್ಟಿಗೂ ಹೆಚ್ಚು ಇಳಿದಿರುತ್ತದೆ. ಈ ಲಾಭ ಸಿಗಬೇಕಾದರೆ ಕ್ಯಾಮೆರಾ ಗೋಡೆಗೆ ಒತ್ತಿಕೊಂಡಿರಬಾರದು. ಸಂದಿಯ ಕೊನೆಯಲ್ಲಿ ಅಡ್ಡಗೋಡೆ ಇದ್ದರೆ ಅದರ ಮಧ್ಯಕ್ಕೆ ಬಿಗಿಯಬೇಕು. ಇಲ್ಲದಿದ್ದರೆ ಎಲ್ ಆಕಾರದ ಬ್ರ್ಯಾಕೆಟ್ಟಿನಲ್ಲಿ ಒಂದಡಿಯಾದರೂ ಒಳಕ್ಕೆ ತರಬೇಕು. ಸಜ್ಜದ ಕೆಳಗೆ ಹಾಕಿದರೆ ಮಳೆಯಿಂದ ರಕ್ಷಣೆ ಸಿಗುತ್ತದೆ, ಒಳ್ಳೆಯದೇ. ಆದರೆ ಸಜ್ಜದ ತಳಭಾಗವೂ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ಕ್ಯಾಮೆರಾ ಸಜ್ಜದ ಅಂಚಿಗೆ ಹತ್ತಿರವಿದ್ದು, ಚಿತ್ರದಲ್ಲಿ ಸಜ್ಜ ಒಂದಿಷ್ಟೂ ಕಾಣದಂತಿರಬೇಕು.

ಕ್ಯಾಮೆರಾದ ಆಕಾರಕ್ಕೂ ರಾತ್ರಿಗೂ ಸಂಬಂಧವಿದೆ. ಗಾಜಿನ ಬಟ್ಟಲು ಕವುಚಿದಂತಿರುವ ಡೋಮ್‌ಗಳಲ್ಲಿ ಗಾಜಿನ ಮೇಲೆ ಧೂಳು, ಇಬ್ಬನಿ, ಮಳೆಹನಿ ಕೂತರೆ ಒಳಗಿನ ದೀಪದ ಬೆಳಕು ಅಲ್ಲೇ ಚದುರಿ ಚಿತ್ರವೆಲ್ಲ ಮಬ್ಬಾಗುತ್ತದೆ. ಮಸೂರ ಮತ್ತು ದೀಪ ಬೇರೆ ಬೇರೆ ಗಾಜಿನ ಹಿಂದೆ ಇರುವ, ಗುಂಡುಗಣ್ಣಿನಂಥ ಟರೆಟ್ ಮಾದರಿಯಲ್ಲಿ ಈ ಕಾಟ ಕಡಿಮೆ. ಅದರ ತಲೆಯನ್ನು ಯಾವ ದಿಕ್ಕಿಗೆ ಬೇಕಾದರೂ ಹೊರಳಿಸುವುದು ಸುಲಭ. ಉದ್ದ ಕೊಳವೆಯ ಬುಲೆಟ್ ಮಾದರಿ ಮೂರಡಿ ಜಾಗದಲ್ಲಿ ಏಣಿ ಸಾಗಿಸುವವರಿಗೆ, ಸಿಲಿಂಡರ್ ಹೊತ್ತು ಬರುವವರಿಗೆ ತಾಗಿ ದಿಕ್ಕು ಬದಲಾಗುವುದುಂಟು. ಹಾಗಾಗಿ ಸಂದಿಗೆ ಟರೆಟ್ ಮೊದಲ ಆಯ್ಕೆಯಾಗಬೇಕು. ಹೊರಗಿನ ಬಳಕೆಗೆ ಐಪಿ66 ಅಥವಾ ಐಪಿ67 ಎಂಬ ಗುರುತು ಇರುವುದನ್ನು ನೋಡಿಕೊಳ್ಳಬೇಕು.

ಅತಿಗೆಂಪು ಬೆಳಕಿನ ಬದಲು ಬಿಳಿ ಬೆಳಕು ಚೆಲ್ಲಿ ರಾತ್ರಿಯೂ ಬಣ್ಣದ ಚಿತ್ರ ಕೊಡುವ ಕ್ಯಾಮೆರಾಗಳು ಈಗ ಬಂದಿವೆ. ಅಂಗಿಯ ಬಣ್ಣ ಗೊತ್ತಾಗುವುದು ದೊಡ್ಡ ಲಾಭವೇ. ಆದರೆ ಸಂದಿಯ ಆಚೆ ಬದಿಗೆ ಪಕ್ಕದ ಮನೆಯವರ ಮಲಗುವ ಕೋಣೆಯ ಕಿಟಕಿ ಇದ್ದರೆ ರಾತ್ರಿಯಿಡೀ ಉರಿಯುವ ಆ ದೀಪ ಜಗಳಕ್ಕೆ ದಾರಿ. ಅದಕ್ಕಿಂತ, ಕ್ಯಾಮೆರಾದಿಂದ ದೂರದಲ್ಲಿ, ಸಂದಿಯ ನಡುವೆ, ಕೆಳಮುಖವಾಗಿ ಒಂದು ಸಣ್ಣ ಎಲ್‌ಇಡಿ ದೀಪ ಹಾಕಿಸಿದರೆ ಹೆಚ್ಚು ಪ್ರಯೋಜನ. ಗೋಡೆ ಹತ್ತಿರವಿರುವ ತೊಂದರೆ ಆಗ ಅರ್ಧಕ್ಕರ್ಧ ಇಲ್ಲವಾಗುತ್ತದೆ, ಮನೆಯವರಿಗೂ ಕತ್ತಲಲ್ಲಿ ಕಾಲಿಡುವುದು ತಪ್ಪುತ್ತದೆ.

ಹಗಲಿನ ಸಮಸ್ಯೆ ಬೇರೆ. ಸಂದಿಯೊಳಗೆ ನೆರಳು, ತುದಿಯಲ್ಲಿ ಬಿಸಿಲಿಗೆ ತೆರೆದ ರಸ್ತೆ. ಅತ್ತ ಮುಖ ಮಾಡಿದ ಕ್ಯಾಮೆರಾಕ್ಕೆ ಒಳಬಂದವನು ಬರೀ ಕಪ್ಪು ಆಕೃತಿ. ಡಬ್ಲ್ಯೂಡಿಆರ್ ಎಂಬ ಸೌಲಭ್ಯ ಇದಕ್ಕೆಂದೇ ಇದೆ. ಅದು ಬೆಳಕಿನ ಮತ್ತು ನೆರಳಿನ ಭಾಗಗಳನ್ನು ಬೇರೆ ಬೇರೆ ಅವಧಿಗೆ ಸೆರೆಹಿಡಿದು ಕೂಡಿಸುತ್ತದೆ. 120 ಡೆಸಿಬೆಲ್ ಎಂದು ಬರೆದಿದ್ದರೆ ಅತಿ ಪ್ರಕಾಶದ ಜಾಗಕ್ಕೂ ಅತಿ ಕತ್ತಲೆಯ ಜಾಗಕ್ಕೂ 10 ಲಕ್ಷಕ್ಕೆ ಒಂದರ ಅಂತರವಿದ್ದರೂ ಸಂಭಾಳಿಸುತ್ತದೆಂದು ಅರ್ಥ. ಬರೀ ‘ಡಿಜಿಟಲ್ ಡಬ್ಲ್ಯೂಡಿಆರ್’ ಎಂದಿದ್ದರೆ ಅದು ಚಿತ್ರ ಬಂದಮೇಲೆ ಮಾಡುವ ತೇಪೆ, ಅಷ್ಟು ಫಲವಿಲ್ಲ.

ಇಷ್ಟು ಕಷ್ಟಪಟ್ಟಾದರೂ ಕ್ಯಾಮೆರಾ ರಸ್ತೆಯ ಕಡೆ ಏಕೆ ನೋಡಬೇಕು? ಮುಖಕ್ಕಾಗಿ. ಗೇಟಿನ ಕಡೆಯಿಂದ ಒಳನೋಡುವ ಕ್ಯಾಮೆರಾ ಒಳಹೋಗುವವನ ಬೆನ್ನನ್ನು ಮಾತ್ರ ಹಿಡಿಯುತ್ತದೆ. ಹಿಂದಿನ ತುದಿಯಿಂದ ಗೇಟಿನತ್ತ ನೋಡುವುದು ಮೊದಲ ಹೆಜ್ಜೆಯಿಂದಲೇ ಮುಖವನ್ನು ಹಿಡಿಯುತ್ತದೆ. ಸಂದಿಯ ಇಕ್ಕಟ್ಟು ಇಲ್ಲಿ ವರವಾಗುತ್ತದೆ. ಬಯಲಿನಲ್ಲಿ ಓಡಾಡುವವನು ಎತ್ತಲಾದರೂ ತಿರುಗಬಹುದು. ಮೂರಡಿ ಸಂದಿಯಲ್ಲಿ ಬರುವವನು ಕ್ಯಾಮೆರಾಕ್ಕೆ ಎದುರಾಗಿಯೇ ನಡೆದು ಬರಬೇಕು, ಹತ್ತಾರು ಹೆಜ್ಜೆ. ಇಷ್ಟು ಒಳ್ಳೆಯ ಅವಕಾಶ ಮನೆಯ ಸುತ್ತ ಬೇರೆಲ್ಲೂ ಇಲ್ಲ.

ಎತ್ತರವೂ ಮುಖದ ಲೆಕ್ಕದಲ್ಲೇ ತೀರ್ಮಾನವಾಗಬೇಕು. ಕೈಗೆ ಸಿಗಬಾರದೆಂದು ಹನ್ನೆರಡು ಹದಿನಾಲ್ಕು ಅಡಿ ಮೇಲೆ ಹಾಕಿದರೆ ಹತ್ತಿರ ಬಂದವನ ನೆತ್ತಿ ಮತ್ತು ಟೋಪಿ ಕಾಣುತ್ತದೆ. ಎಂಟು ಅಡಿ ಎತ್ತರದಲ್ಲಿದ್ದರೆ ಹತ್ತು ಅಡಿ ದೂರದ ಮುಖವನ್ನು 17 ಡಿಗ್ರಿಯಷ್ಟು ಓರೆಯಲ್ಲಿ ನೋಡುತ್ತದೆ, ಕಣ್ಣು ಮೂಗು ಬಾಯಿ ಸ್ಪಷ್ಟ. ಹತ್ತು ಅಡಿಗೆ ಏರಿಸಿದರೆ ಓರೆ 27 ಡಿಗ್ರಿ, ಅದೂ ನಡೆಯುತ್ತದೆ. ಅದರಾಚೆ ಬೇಡ.

ಹಿಂದಿನ ಕಾಂಪೌಂಡು ಹಾರಿ ಬರುವ ಸಾಧ್ಯತೆ ಇರುವ ಮನೆಗಳಲ್ಲಿ ಒಂದು ಕ್ಯಾಮೆರಾ ಸಾಲದು. ಎರಡು ತುದಿಗಳಲ್ಲಿ ಎರಡು, ಒಂದನ್ನೊಂದು ನೋಡುವಂತೆ. ಒಂದರ ಬುಡದ ಕುರುಡು ಜಾಗ ಇನ್ನೊಂದಕ್ಕೆ ಕಾಣುತ್ತದೆ, ಒಂದನ್ನು ಯಾರಾದರೂ ತಿರುಚಲು ಬಂದರೆ ಇನ್ನೊಂದು ನೋಡುತ್ತಿರುತ್ತದೆ. ಒಂದರ ಐಆರ್ ಬೆಳಕು ಇನ್ನೊಂದರ ಕಣ್ಣು ಕುಕ್ಕದಂತೆ ಎರಡನ್ನೂ ಸಾಕಷ್ಟು ಕೆಳಕ್ಕೆ ಬಾಗಿಸಬೇಕು. ಸಂದಿಗೆ ತಿರುವು ಇದ್ದರೆ ತಿರುವಿನ ಮೂಲೆಯಿಂದ ಎರಡೂ ಕಡೆ ನೋಡುವ ಆಸೆ ಬಿಟ್ಟು ಎರಡು ಕ್ಯಾಮೆರಾ ಹಾಕುವುದೇ ವಾಸಿ.

ವೈರು ಎಳೆಯುವುದು ರಗಳೆಯೆಂದು ಬ್ಯಾಟರಿಯ ವೈಫೈ ಕ್ಯಾಮೆರಾ ತರುವವರು ಒಂದು ಸಂಗತಿ ತಿಳಿದಿರಬೇಕು. ಬ್ಯಾಟರಿ ಉಳಿಸಲು ಅವು ನಿದ್ದೆಯಲ್ಲಿರುತ್ತವೆ. ದೇಹದ ಬಿಸಿಯನ್ನು ಗ್ರಹಿಸುವ ಪಿಐಆರ್ ಸೆನ್ಸರು ಎಬ್ಬಿಸಿದಾಗ ಮಾತ್ರ ಚಿತ್ರಿಸಲು ತೊಡಗುತ್ತವೆ. ಆ ಸೆನ್ಸರು ತನ್ನೆದುರು ಅಡ್ಡ ಹಾಯುವವರನ್ನು ಬೇಗ ಹಿಡಿಯುತ್ತದೆ, ನೇರವಾಗಿ ತನ್ನತ್ತ ನಡೆದುಬರುವವರನ್ನು ತಡವಾಗಿ. ಸಂದಿಯಲ್ಲಿ ಎಲ್ಲರೂ ನೇರವಾಗಿಯೇ ಬರುತ್ತಾರೆ. ಜೊತೆಗೆ ಏಸಿಯ ಬಿಸಿಗಾಳಿ ಅದಕ್ಕೆ ಸುಳ್ಳು ಎಚ್ಚರಿಕೆ ಕೊಡುತ್ತಲೇ ಇರುತ್ತದೆ. ಆರ್‌ಸಿಸಿ ಗೋಡೆ ದಾಟಿ ಬರುವ ವೈಫೈ ಕೂಡ ದುರ್ಬಲ. ಒಂದೇ ಕ್ಯಾಟ್6 ವೈರಿನಲ್ಲಿ ವಿದ್ಯುತ್ತೂ ಚಿತ್ರವೂ ಹೋಗುವ ಪಿಒಇ ವ್ಯವಸ್ಥೆ 100 ಮೀಟರಿನವರೆಗೆ ಕೆಲಸ ಮಾಡುತ್ತದೆ. ಅದರ ಸ್ವಿಚ್ಚನ್ನೂ ರೆಕಾರ್ಡರನ್ನೂ ಮನೆಯ ಯುಪಿಎಸ್‌ಗೆ ಜೋಡಿಸಿದರೆ ಕರೆಂಟು ಹೋದರೂ ಚಿತ್ರ ನಿಲ್ಲದು. ವೈರು ಗೋಡೆಯೊಳಗಿನ ಪೈಪಿನಲ್ಲಿ ಹೋಗಬೇಕು, ಜೋಡಣೆ ಜಂಕ್ಷನ್ ಬಾಕ್ಸಿನೊಳಗೆ ಇರಬೇಕು. ಹೊರಗೆ ನೇತಾಡುವ ವೈರನ್ನು ಕತ್ತರಿಸಲು ಕ್ಷಣ ಸಾಕು.

ನಾಲ್ಕು ಮೆಗಾಪಿಕ್ಸೆಲಿನ ಕ್ಯಾಮೆರಾವನ್ನು ಎಚ್.265 ವಿಧಾನದಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ಸತತವಾಗಿ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 22 ಜಿಬಿ ಆಗುತ್ತದೆ. ಒಂದು ಟಿಬಿ ಹಾರ್ಡ್ ಡಿಸ್ಕಿನಲ್ಲಿ ಒಂದು ತಿಂಗಳು ಧಾರಾಳವಾಗಿ ಉಳಿಯುತ್ತದೆ. ಒಂದು ತಿಂಗಳು ಏಕೆಂದರೆ, ಕಳವು ಗೊತ್ತಾಗುವುದು ಎಷ್ಟೋ ಸಲ ಊರಿಗೆ ಹೋದವರು ಹಿಂತಿರುಗಿದ ಮೇಲೆ.

ಕ್ಯಾಮೆರಾ ಎಂಬುದು ಇಂಟರ್‌ನೆಟ್ಟಿಗೆ ಜೋಡಿಸಿದ ಒಂದು ಕಂಪ್ಯೂಟರ್ ಕೂಡ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹರಡಿದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ, ಡಿವಿಆರ್‌ಗಳಂಥ ಸಾಧನಗಳ ಮೂಲಕವೇ. ಆ ವರ್ಷದ ಅಕ್ಟೋಬರಿನಲ್ಲಿ ಅಂಥ ಸಾಧನಗಳ ಸೈನ್ಯ ಅಮೆರಿಕದ ಡೈನ್ ಕಂಪನಿಯ ಮೇಲೆ ದಾಳಿ ಮಾಡಿ ದೊಡ್ಡ ದೊಡ್ಡ ಜಾಲತಾಣಗಳನ್ನೇ ಗಂಟೆಗಟ್ಟಲೆ ಅಲುಗಾಡಿಸಿತು. ಭಾರತ ಸರ್ಕಾರವೂ ಸಿಸಿಟಿವಿಗಳಿಗೆ ಸೈಬರ್ ಸುರಕ್ಷತೆಯ ಪರೀಕ್ಷೆಯನ್ನು 2025ರ ಏಪ್ರಿಲ್‌ನಿಂದ ಕಡ್ಡಾಯ ಮಾಡಿದೆ. ಕೊಳ್ಳುವಾಗ ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾದರಿಯೇ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ಹಾಕಿದವರು ಇಟ್ಟುಹೋದ ಪಾಸ್‌ವರ್ಡನ್ನು ಅವರು ಗೇಟು ದಾಟುವ ಮೊದಲೇ ಬದಲಿಸಬೇಕು.

ಇನ್ನು ನೆರೆಮನೆ. ಒಂದು ಕಾಂಪೌಂಡಿನ ಆಚೆ ಈಚೆ ಎರಡು ಮನೆಗಳ ಬಚ್ಚಲು, ಮಲಗುವ ಕೋಣೆಗಳು ಎದುರುಬದುರಾಗಿರುವ ಊರು ಇದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಹಿಳೆಯ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಮೊದಲ ಬಾರಿಗೇ ಒಂದರಿಂದ ಮೂರು ವರ್ಷ ಶಿಕ್ಷೆಯಾಗಬಹುದು. ಕಾನೂನಿನ ಭಯವಿಲ್ಲದಿದ್ದರೂ ಪಕ್ಕದ ಮನೆಯ ಹೆಣ್ಣುಮಕ್ಕಳು ತಮ್ಮ ಕಿಟಕಿ ತೆರೆಯಲು ಅಳುಕುವಂತೆ ಮಾಡುವುದು ಸರಿಯಲ್ಲ. ಹೊರಳಿಸಿ ಹಾಕಿದ ಕಿರಿದಾದ ನೋಟದಿಂದ ಇಲ್ಲಿಯೂ ಅನುಕೂಲ, ಅದು ಕಾಂಪೌಂಡಿನಾಚೆಗೆ ಕಡಿಮೆ ಚಾಚುತ್ತದೆ. ಆದರೂ ಚಿತ್ರದಲ್ಲಿ ಅವರ ಕಿಟಕಿ ಬಂದರೆ ಆ ಭಾಗವನ್ನು ಕಪ್ಪು ಚೌಕದಿಂದ ಮುಚ್ಚುವ ಪ್ರೈವೆಸಿ ಮಾಸ್ಕ್ ಮೆನುವಿನಲ್ಲೇ ಇದೆ. ಮುಚ್ಚಿದ ಮೇಲೆ ಪಕ್ಕದವರನ್ನು ಕರೆದು ಪರದೆ ತೋರಿಸಿಬಿಟ್ಟರೆ ಅನುಮಾನ ಉಳಿಯುವುದಿಲ್ಲ. ಮಾತು ದಾಖಲಿಸುವ ಮೈಕನ್ನು ಸಂದಿಯಲ್ಲಿ ಆರಿಸಿಡುವುದೇ ಮರ್ಯಾದೆ.

ರಂಧ್ರ ಕೊರೆಯುವ ಮುನ್ನ ಒಂದು ರಾತ್ರಿಯ ಪರೀಕ್ಷೆ ಅಗತ್ಯ. ಕ್ಯಾಮೆರಾವನ್ನು ಏಣಿಗೋ ಗ್ರಿಲ್ಲಿಗೋ ತಾತ್ಕಾಲಿಕವಾಗಿ ಕಟ್ಟಿ, ಎಲ್ಲ ದೀಪ ಆರಿಸಿ, ಮನೆಯ ಒಬ್ಬರು ಗೇಟಿನಿಂದ ಕ್ಯಾಮೆರಾದವರೆಗೆ ನಡೆದು ಬರಲಿ. ಇನ್ನೊಬ್ಬರು ಲೈವ್ ಚಿತ್ರ ಬಿಟ್ಟು ರೆಕಾರ್ಡ್ ಆದದ್ದನ್ನು ನೋಡಲಿ. ಎಷ್ಟನೆಯ ಹೆಜ್ಜೆಗೆ ಮುಖ ತಿಳಿಯಿತು, ಎಲ್ಲಿ ಗೋಡೆ ಬೆಳಗಿತು, ಎಲ್ಲಿ ಆಕೃತಿ ಮಾಯವಾಯಿತು ಎಂಬುದೆಲ್ಲ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಆ ಅರ್ಧ ಗಂಟೆಗೆ ಒಪ್ಪದವರಿಂದ ಕ್ಯಾಮೆರಾ ಹಾಕಿಸದಿರುವುದೇ ಒಳ್ಳೆಯದು. ಆಮೇಲೆ ಮನುಷ್ಯರನ್ನಷ್ಟೇ ಗುರುತಿಸಿ ಎಚ್ಚರಿಸುವ ಆಯ್ಕೆಯನ್ನು ಚಾಲೂ ಮಾಡಬೇಕು. ಇಲ್ಲದಿದ್ದರೆ ಹಗ್ಗದ ಮೇಲಿನ ಬಟ್ಟೆ, ಬೆಕ್ಕು, ದೀಪದ ಹುಳುಗಳಿಗೆಲ್ಲ ಮೊಬೈಲು ಬಡಿದುಕೊಂಡು, ಮೂರನೆಯ ದಿನ ಮನೆಯವರು ಎಚ್ಚರಿಕೆಯನ್ನೇ ಆರಿಸಿಬಿಡುತ್ತಾರೆ. ತಿಂಗಳಿಗೊಮ್ಮೆ ಮಸೂರದ ಮುಂದಿನ ಜೇಡರಬಲೆ ತೆಗೆಯಬೇಕು. ಐಆರ್ ಬೆಳಕಿನಲ್ಲಿ ಒಂದೇ ಎಳೆ ಹೊಳೆದು ಅರ್ಧ ಚಿತ್ರ ಮುಚ್ಚುತ್ತದೆ.

ಕ್ಯಾಮೆರಾ ಕಳ್ಳನನ್ನು ತಡೆಯುವುದಿಲ್ಲ. ಸಂದಿಯ ಬಾಯಿಗೊಂದು ಬೀಗವಿರುವ ಚಿಕ್ಕ ಗೇಟು, ಯುಟಿಲಿಟಿ ಬಾಗಿಲಿಗೆ ಗಟ್ಟಿ ಚಿಲಕ, ಏಣಿಯನ್ನು ಸಂದಿಯಲ್ಲಿ ಬಿಡದಿರುವುದು ಮೊದಲು ಆಗಬೇಕಾದ ಕೆಲಸ. ಅಷ್ಟಾಗಿಯೂ ಕಳವಾದರೆ ಮುಂದಿನದಕ್ಕೆ ಗಡಿಯಾರ ಮುಖ್ಯ. ರೆಕಾರ್ಡರಿನ ಸಮಯ ತಪ್ಪಿದ್ದರೆ ತನಿಖೆಯೂ ದಾರಿ ತಪ್ಪುತ್ತದೆ, ಅದನ್ನು ಇಂಟರ್‌ನೆಟ್ ಸಮಯಕ್ಕೆ ಹೊಂದಿಸಿಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ವಿಡಿಯೊ ಕೋರ್ಟಿನಲ್ಲಿ ನಿಲ್ಲಬೇಕಾದರೆ ಅದರ ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯ ನಮೂದಿಸಿದ ಪ್ರಮಾಣಪತ್ರ ಬೇಕು. ವಾಟ್ಸ್ಆ್ಯಪಿನಲ್ಲಿ ಕಳಿಸಿದ ತುಣುಕನ್ನು ನೆಚ್ಚಿ ಮೂಲ ದಾಖಲೆ ಕಳೆದುಕೊಂಡರೆ ಕಷ್ಟ. ಆದ್ದರಿಂದ ಕಳವು ಗೊತ್ತಾದ ತಕ್ಷಣ 112ಕ್ಕೆ ಕರೆ ಮಾಡಿ. ರೆಕಾರ್ಡರಿನ ಹಾರ್ಡ್ ಡಿಸ್ಕ್ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುವ ಮುಂಚೆ ಆ ಹೊತ್ತಿನ ವಿಡಿಯೊವನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ, ಪೊಲೀಸರು ಬಂದು ನೋಡುವವರೆಗೆ ರೆಕಾರ್ಡರನ್ನು ಹಾಗೆಯೇ ಇಟ್ಟಿರಿ.